ಮಕ್ಕಳಿಗೆ ಸಾಕುಪ್ರಾಣಿ: ಜೈನ ಮನೆಗೆ ಯಾವುದು ಹೊಂದುತ್ತದೆ?

ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಒಂದಲ್ಲ ಒಂದು ದಿನ ‘ನಾವೂ ಒಂದು ನಾಯಿಮರಿ ತರೋಣ’ ಎಂಬ ಬೇಡಿಕೆ ಬಂದೇ ಬರುತ್ತದೆ. ಅಂಗಳ, ಹಟ್ಟಿ, ತೋಟ ಇರುವ ಕಾರ್ಕಳದ ಮನೆಯಲ್ಲಿ ಈ ಪ್ರಶ್ನೆ ಒಂದು ಬಗೆ, ಮಣಿಪಾಲದ ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಇನ್ನೊಂದು ಬಗೆ. ಆದರೆ ಜೈನ ಕುಟುಂಬ ಎಲ್ಲೇ ಇರಲಿ, ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಅದು ಏನು ತಿನ್ನುತ್ತದೆ? ಅಂಗಡಿಯವರು ತಳಿ, ಬಣ್ಣ, ಬೆಲೆ ಹೇಳುತ್ತಾರೆ. ಇದನ್ನು ಅವರಾಗಿ ಹೇಳುವುದು ಕಡಿಮೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳ ಪ್ರಸ್ತಾಪವಿದೆ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗ ಕತ್ತರಿಸುವುದು ಛೇದ, ಶಕ್ತಿಮೀರಿ ಹೊರೆ ಹೇರುವುದು ಅತಿಭಾರಾರೋಪಣ, ಹೊತ್ತಿಗೆ ಸರಿಯಾಗಿ ಆಹಾರ ನೀರು ಕೊಡದಿರುವುದು ಅನ್ನಪಾನನಿರೋಧ. ಹೊರೆಯ ಮಾತು ಬಿಟ್ಟರೆ ಉಳಿದ ನಾಲ್ಕೂ ಇಂದಿನ ಸಾಕುಪ್ರಾಣಿಗೆ ನೇರವಾಗಿ ಅನ್ವಯಿಸುತ್ತವೆ. ಅಂದಕ್ಕಾಗಿ ನಾಯಿಯ ಬಾಲ, ಕಿವಿ ಕತ್ತರಿಸುವುದು ಛೇದವೇ. ದಿನವಿಡೀ ಸರಪಳಿಯಲ್ಲಿ ಬಿಗಿದಿಡುವುದು ಬಂಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಇದನ್ನು ಅಪರಾಧ ಎನ್ನುತ್ತದೆ.

ಬೆಕ್ಕು

ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಲಾಗಿದೆ. ಹಳೆಯ ಮಾತೆಂದು ಇದನ್ನು ತಳ್ಳಿಹಾಕುವ ಮೊದಲು ಪಶುವೈದ್ಯರು ಹೇಳುವುದನ್ನೂ ಕೇಳಬೇಕು. ಬೆಕ್ಕಿನ ದೇಹ ಮಾಂಸಾಹಾರಕ್ಕೆಂದೇ ರೂಪುಗೊಂಡದ್ದು. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಹೊರಗಿನಿಂದಲೇ ಸಿಗಬೇಕು, ಅದು ಇರುವುದು ಮಾಂಸ ಮತ್ತು ಮೀನಿನಲ್ಲಿ. ಕೊರತೆಯಾದರೆ ಕಣ್ಣಿನ ದೃಷ್ಟಿ ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಕಾಪುವಿನಲ್ಲಿ ನೆರೆಮನೆಯವರು ಬೂತಾಯಿಯ ತಲೆ ಹಾಕಿ ಸಾಕುವ ಬೆಕ್ಕು ನಮ್ಮ ಮನೆಯ ಹಾಲು ಅನ್ನದಲ್ಲಿ ಬದುಕಿಕೊಂಡಿದೆ ಎಂದು ಕೆಲವರು ಹೇಳುವುದುಂಟು. ಅದು ಹೊರಗೆ ಇಲಿ, ಹಲ್ಲಿ, ಹಕ್ಕಿ ಹಿಡಿದು ಕೊರತೆ ತುಂಬಿಕೊಳ್ಳುತ್ತಿರುತ್ತದೆ. ಫ್ಲ್ಯಾಟಿನೊಳಗೆ ಕೂಡಿಹಾಕಿ ಮೊಸರನ್ನ ಮಾತ್ರ ಕೊಟ್ಟರೆ ಅದಕ್ಕೆ ಅದೇ ಅನ್ನಪಾನನಿರೋಧ. ಮೀನು, ಮಾಂಸದ ಡಬ್ಬಿ ಮನೆಗೆ ತರಲು ಒಪ್ಪದ ಕುಟುಂಬ ಬೆಕ್ಕನ್ನು ತರದಿರುವುದೇ ಒಳ್ಳೆಯದು. ತಾನಾಗಿ ಅಂಗಳಕ್ಕೆ ಬಂದು ಹೋಗುವ ಬೆಕ್ಕಿಗೆ ನೀರಿಡುವುದು ಬೇರೆ ವಿಷಯ.

ನಾಯಿ

ನಾಯಿಯ ಸ್ಥಿತಿ ಹೀಗಿಲ್ಲ. ಸರಿಯಾಗಿ ಯೋಜಿಸಿದ ಶಾಕಾಹಾರದಲ್ಲಿ ಬೆಳೆದ ನಾಯಿ ಆರೋಗ್ಯವಾಗಿರಬಲ್ಲದು. ‘ಸರಿಯಾಗಿ ಯೋಜಿಸಿದ’ ಎಂಬ ಮಾತು ಇಲ್ಲಿ ಮುಖ್ಯ. ಬರೀ ಮೊಸರನ್ನ ಸಾಲದು. ಬೇಳೆ, ಸೋಯಾ, ಪನೀರ್, ಬೇಯಿಸಿದ ತರಕಾರಿಯ ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಎಷ್ಟು ಬೇಕೆಂದು ವೈದ್ಯರಿಂದ ಬರೆಸಿಕೊಳ್ಳಬೇಕು. ಮರಿ ಬೆಳೆಯುವ ಮೊದಲ ವರ್ಷದಲ್ಲಂತೂ ಅಂದಾಜಿನ ಮೇಲೆ ನಡೆಯಬಾರದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ನಾಯಿ ಆಹಾರದಲ್ಲಿ ಕೋಳಿಮಾಂಸ ಇರುತ್ತದೆ. ಶಾಕಾಹಾರಿ ಎಂದು ಬರೆದ ಪೊಟ್ಟಣಗಳೂ ಸಿಗುತ್ತವೆ, ಲೇಬಲ್ ಓದಿಯೇ ಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಅವುಗಳನ್ನು ಬಳಸದ ನಮ್ಮ ಅನೇಕ ಮನೆಗಳಲ್ಲಿ ಆ ಚಿಂತೆ ಮೊದಲೇ ಇಲ್ಲ. ದ್ರಾಕ್ಷಿ, ಚಾಕೊಲೇಟ್ ಮಾತ್ರ ಮಕ್ಕಳ ಕೈಯಿಂದ ಜಾರಿ ಅದರ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ತಳಿಯ ವಿಷಯದಲ್ಲಿ ಊರುನಾಯಿಯ ಮರಿಯೇ ಉತ್ತಮ ಎಂಬುದು ನಮ್ಮ ಅಭಿಪ್ರಾಯ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಬೇಸಿಗೆಯಲ್ಲಿ ಬೆವರು ಆರದ ಸೆಕೆ. ಹಿಮದ ನಾಡಿನ ದಟ್ಟ ಕೂದಲಿನ ಹಸ್ಕಿಯನ್ನು ಇಲ್ಲಿಗೆ ತಂದು ಎ.ಸಿ. ಕೋಣೆಯಲ್ಲಿಡುವುದರಲ್ಲಿ ಅದಕ್ಕೇನು ಸುಖ? ಕೊಂಡೇ ತರುವುದಾದರೂ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂಬ ನಿಯಮ ನೆನಪಿರಲಿ. ತಾಯಿಯಿಂದ ಬೇಗ ಅಗಲಿದ ಮರಿಗೆ ಕಾಯಿಲೆಯೂ ಬೇಗ.

ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ. ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ಮಳೆಗಾಲದಲ್ಲಿ ಕರಾವಳಿಯಲ್ಲಿ ಈ ಜ್ವರ ಸಾಮಾನ್ಯ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡುತ್ತಾರೆ. ‘ಹೇಳಿದರೆ ನಿನಗೂ ಬೈಯುವುದಿಲ್ಲ, ನಾಯಿಯನ್ನೂ ಹೊರಹಾಕುವುದಿಲ್ಲ’ ಎಂದು ಮೊದಲೇ ಮಾತು ಕೊಡಿ.

ಸಂತಾನಹರಣ ಶಸ್ತ್ರಚಿಕಿತ್ಸೆಯೂ ಛೇದವಾಗುತ್ತದೆಯೇ ಎಂದು ಕೆಲವು ಶ್ರಾವಕರು ಕೇಳುತ್ತಾರೆ. ಛೇದವೆಂದರೆ ಕಿವಿ, ಮೂಗು ಮೊದಲಾದ ಅಂಗಗಳನ್ನು ಕತ್ತರಿಸುವುದು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹುಟ್ಟಿದ ಆರೇಳು ಮರಿಗಳನ್ನು ಗೋಣಿಯಲ್ಲಿ ತುಂಬಿ ಹೆದ್ದಾರಿ ಬದಿಯಲ್ಲಿ ಬಿಟ್ಟು ಬರುವುದಕ್ಕಿಂತ, ಅರಿವಳಿಕೆ ಕೊಟ್ಟು ವೈದ್ಯರು ಮಾಡುವ ಚಿಕಿತ್ಸೆಯೇ ಕಡಿಮೆ ಹಿಂಸೆಯದು ಎಂದು ನಮಗೆ ತೋರುತ್ತದೆ. ಮನೆಯ ಹಿರಿಯರೊಂದಿಗೆ, ಗುರುಗಳೊಂದಿಗೆ ಮಾತಾಡಿ ತೀರ್ಮಾನಿಸಬಹುದು.

ಮೊಲ, ಗಿನಿಪಿಗ್

ಆಹಾರದ ದೃಷ್ಟಿಯಿಂದ ಜೈನ ಮನೆಗೆ ಅತ್ಯಂತ ಸಲೀಸಾದವು ಇವೆರಡು, ಪೂರ್ಣ ಸಸ್ಯಾಹಾರಿಗಳು. ಮೊಲ ಎಂದರೆ ಕ್ಯಾರೆಟ್ ಎಂಬುದು ಚಿತ್ರಪುಸ್ತಕದ ಮಾತು. ಕಂದಮೂಲ ತರದ ಮನೆಯವರು ಅದಕ್ಕಾಗಿ ಅಳುಕಬೇಕಿಲ್ಲ, ಮೊಲಕ್ಕೆ ಮುಖ್ಯವಾಗಿ ಬೇಕಾದದ್ದು ಹುಲ್ಲು. ಗರಿಕೆ, ಒಣಹುಲ್ಲು ಎಷ್ಟು ತಿಂದರೂ ಸರಿ, ಸೊಪ್ಪು ಸ್ವಲ್ಪ. ಗಿನಿಪಿಗ್‌ಗೆ ಮನುಷ್ಯರ ಹಾಗೆಯೇ ವಿಟಮಿನ್ ಸಿ ಹೊರಗಿನಿಂದ ಸಿಗಬೇಕು, ದಿನವೂ ದೊಣ್ಣೆಮೆಣಸು ಅಥವಾ ಹಸಿರು ಸೊಪ್ಪು ಕೊಡಬೇಕು.

ತೊಂದರೆ ಬೇರೆ ಕಡೆ ಇದೆ. ಮೊಲಕ್ಕೆ ಸೆಕೆ ತಡೆಯದು. ಮೂವತ್ತು ಡಿಗ್ರಿ ದಾಟಿದರೆ ಒದ್ದಾಡುತ್ತದೆ, ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನಡಿ ಗೂಡಿಟ್ಟರೆ ಸತ್ತೇ ಹೋಗಬಹುದು. ಮಳೆಗಾಲದ ಥಂಡಿಗೆ ಚರ್ಮರೋಗ ಬರುತ್ತದೆ. ಇನ್ನು ಸಂತಾನ: ಗರ್ಭದ ಅವಧಿ ಸುಮಾರು ಮೂವತ್ತು ದಿನ. ಅಂಗಡಿಯವರು ‘ಎರಡೂ ಹೆಣ್ಣು’ ಎಂದು ಕೊಟ್ಟದ್ದು ಜೋಡಿಯಾಗಿದ್ದರೆ ಕೆಲವೇ ತಿಂಗಳಲ್ಲಿ ಗೂಡು ತುಂಬುತ್ತದೆ. ಆಗ ಯಾರಿಗೆ ಕೊಡುತ್ತೀರಿ? ಮೊಲವನ್ನು ಮಾಂಸಕ್ಕಾಗಿ ಸಾಕುವವರೂ ಇದ್ದಾರೆ. ಮಗು ಹೆಸರಿಟ್ಟ ಮರಿ ಅಲ್ಲಿಗೆ ಹೋಗಬಾರದೆಂದಾದರೆ, ತರುವಾಗಲೇ ವೈದ್ಯರಿಗೆ ತೋರಿಸಿ ಗಂಡು ಹೆಣ್ಣು ಖಚಿತಪಡಿಸಿಕೊಳ್ಳಬೇಕು.

ಗಿಳಿ, ಆಮೆ, ಮೀನು

ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಅರನಾಥ, ಮಲ್ಲಿನಾಥ, ಮುನಿಸುವ್ರತ ತೀರ್ಥಂಕರರ ದರ್ಶನ ಮಾಡಿಸಿ, ಮುನಿಸುವ್ರತರ ಲಾಂಛನ ಆಮೆ ಎಂದು ತಿಳಿಸಿದರೆ ‘ನಮಗೂ ಆಮೆ ಬೇಕು’ ಎನ್ನುವ ಮಗು ಇದ್ದೇ ಇರುತ್ತದೆ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ನಮ್ಮ ತೋಟಕ್ಕೆ ಬರುವ ಹಸಿರು ಗಿಳಿಯೂ ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಮೊದಲನೆಯದು ಒಂದನೇ ಅನುಸೂಚಿಯಲ್ಲೂ ಎರಡನೆಯದು ಎರಡನೇ ಅನುಸೂಚಿಯಲ್ಲೂ ಇವೆ. ‘ಎಲ್ಲರೂ ಸಾಕುತ್ತಾರೆ’ ಎಂಬುದು ಉತ್ತರವಾಗದು.

‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಬಣ್ಣದ ಹಕ್ಕಿಗಳಿಗೆ ಈ ತಡೆ ಇಲ್ಲ, ನವಣೆ ತಿಂದು ಬದುಕುತ್ತವೆ. ಆದರೆ ಹೊರಗೆ ಬಿಟ್ಟರೆ ಕಾಗೆ, ಬೆಕ್ಕಿನ ಬಾಯಿಗೆ ಬೀಳುತ್ತವೆ, ಹಾಗಾಗಿ ಸಾಯುವವರೆಗೂ ಪಂಜರ. ಹಿರಿಯಂಗಡಿ, ವರಂಗದ ಬಸದಿಗಳಲ್ಲಿ ನೇಮಿನಾಥ ಸ್ವಾಮಿಯ ದರ್ಶನ ಮಾಡುವ ಮಕ್ಕಳಿಗೆ ಆ ಕಥೆ ಗೊತ್ತು: ಮದುವೆಯ ದಿಬ್ಬಣದ ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ ಅವರು ಹಿಂದಿರುಗಿದರು. ಪಂಜರ ಕೊಳ್ಳುವ ಮೊದಲು ಮಗುವಿನ ಹತ್ತಿರವೇ ಕೇಳಿ ನೋಡಿ. ದೆಹಲಿಯ ಕೆಂಪುಕೋಟೆಯ ಎದುರಿನ ಜೈನ ಪಕ್ಷಿ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಯನ್ನು ತಂದವರ ಕೈಗೆ ಹಿಂದಿರುಗಿಸುವುದಿಲ್ಲ, ಹಾರಲು ಬಿಡುತ್ತಾರೆ.

ಅಕ್ವೇರಿಯಂ ಸುಲಭವೆಂದು ಹಲವರು ಅದನ್ನೇ ತರುತ್ತಾರೆ. ಮೀನಿನ ಆಹಾರದ ಗುಳಿಗೆಯಲ್ಲಿ ಸಾಮಾನ್ಯವಾಗಿ ಮೀನಿನ ಪುಡಿ, ಒಣ ಸಿಗಡಿ ಇರುತ್ತದೆ ಎಂಬುದು ಗೊತ್ತಿದ್ದೂ ತರುವುದಾದರೆ ಸರಿ. ಬೇಸರವಾದಾಗ ಕೆರೆಗೋ ಹೊಳೆಗೋ ಬಿಡಬೇಡಿ. ಅಲ್ಲಿನ ಮೂಲ ಮೀನುಗಳಿಗೆ ಕುತ್ತು.

ಹಟ್ಟಿ ಇರುವ ಮನೆಯಲ್ಲಿ

ಕರುವಿಗಿಂತ ಒಳ್ಳೆಯ ಜೊತೆ ಮಗುವಿಗೆ ಸಿಗದು. ಮಲೆನಾಡು ಗಿಡ್ಡ ಈ ಮಳೆಗೆ, ಈ ಗುಡ್ಡಕ್ಕೆ ಹೇಳಿಸಿದ ತಳಿ. ಆಕಾರ ಚಿಕ್ಕದು, ಮೇವೂ ಕಡಿಮೆ ಸಾಕು. ಒಂದೇ ಷರತ್ತು: ಅದು ಗಂಡು ಕರುವಾದರೂ ಮನೆಯಲ್ಲೇ ಇರಬೇಕು. ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಮಾರಿ ಕಳಿಸುವ ಯೋಚನೆ ಇದ್ದರೆ, ‘ಇದು ನಿನ್ನ ಕರು’ ಎಂದು ಮೊದಲೇ ಹೇಳಬೇಡಿ.

ನೋಡಿಕೊಳ್ಳುವವರು ಯಾರು?

ಎಂಟು ವರ್ಷದ ಮಗುವಿಗೆ ತಂದ ನಾಯಿ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಮಗು ಓದಿಗೆಂದು ಬೆಂಗಳೂರಿಗೆ ಹೋಗುವ ಹೊತ್ತಿಗೆ ಅದಕ್ಕೆ ಮುಪ್ಪು. ಆಗ ಔಷಧಿ ಕುಡಿಸುವವರು, ಹೊರಗೆ ಕರೆದೊಯ್ಯುವವರು ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ. ಅವರ ಒಪ್ಪಿಗೆ ಇಲ್ಲದೆ ತರಬಾರದು. ಮುನಿಗಳಿಗೆ ಆಹಾರದಾನ ಮಾಡುವ ಮನೆಯಾದರೆ ಅಡುಗೆಕೋಣೆಯ ಕಡೆ ಪ್ರಾಣಿ ಬಾರದಂತೆ ಬಾಗಿಲು, ಬೇರೆ ಜಾಗ ಮೊದಲೇ ಆಗಬೇಕು. ಊಟದ ಹೊತ್ತು ನಿಗದಿಯಿರಲಿ, ಉಳಿದದ್ದನ್ನು ಕತ್ತಲಾಗುವ ಮುಂಚೆ ತೆಗೆದುಬಿಡಿ. ರಾತ್ರಿ ತಟ್ಟೆಯಲ್ಲಿ ಅನ್ನ ಬಿಟ್ಟರೆ ಇರುವೆ, ಆಮೇಲೆ ಇಲಿ ಬರುತ್ತವೆ. ಮಗುವಿಗೆ ಐದು ವರ್ಷವೂ ಆಗಿಲ್ಲದಿದ್ದರೆ ಯಾವ ಪ್ರಾಣಿಯ ಜೊತೆಗೂ ಒಂಟಿಯಾಗಿ ಬಿಡಬಾರದು. ಉಬ್ಬಸ, ಅಲರ್ಜಿ ಇದ್ದ ಮಗುವನ್ನು ಮೊದಲು ನಾಯಿ ಇರುವ ನೆಂಟರ ಮನೆಗೆ ನಾಲ್ಕಾರು ಸಲ ಕರೆದುಕೊಂಡು ಹೋಗಿ ನೋಡಿ.

ಇಷ್ಟಕ್ಕೆಲ್ಲ ಈಗ ಅನುಕೂಲವಿಲ್ಲ ಎನ್ನುವ ಮಣಿಪಾಲ, ಉಡುಪಿಯ ಫ್ಲ್ಯಾಟಿನವರು ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಮಣ್ಣಿನ ಪಾತ್ರೆಯಲ್ಲಿ ನೀರಿಡುವ ಕೆಲಸವನ್ನು ಮಗುವಿಗೆ ಒಪ್ಪಿಸಬಹುದು. ಸೊಳ್ಳೆ ಮೊಟ್ಟೆಯಿಡದಂತೆ ದಿನವೂ ನೀರು ಬದಲಿಸಬೇಕು. ಒಂದು ಬೇಸಿಗೆ ಪೂರ್ತಿ ಯಾರೂ ನೆನಪಿಸದೆ ಅದನ್ನು ಮಾಡಿದರೆ, ಮುಂದಿನ ವರ್ಷ ನಾಯಿಮರಿಯ ಮಾತು ಎತ್ತಬಹುದು.