ಶೋಧನ ಮತ್ತು ರೋಪಣ: ಮಧುಮೇಹಿಗಳ ಪಾದವ್ರಣ ಚಿಕಿತ್ಸೆಯ ಚರಿತ್ರೆ

ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳವರೆಗಿನ ಪ್ರದೇಶವು ಹಾಸುಗಲ್ಲಿಗೂ ತೊಗರಿಗೂ ಹೆಸರಾದುದು. ಗಣಿಯಲ್ಲಾಗಲಿ ಹೊಲದಲ್ಲಾಗಲಿ ದುಡಿಯುವವನಿಗೆ ಕಾಲೇ ಬಂಡವಾಳ. ಮಧುಮೇಹವು ಪಾದದ ಸ್ಪರ್ಶಜ್ಞಾನವನ್ನು ಕುಂದಿಸಿದಾಗ ನೆಟ್ಟ ಕಲ್ಲಿನ ಚೂರು ನೋಯುವುದಿಲ್ಲ. ರಕ್ತಸಂಚಾರವೂ ತಗ್ಗಿದರೆ ಗಾಯವು ಮಾಯದೆ ವ್ರಣವಾಗಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾದೀತು. ಇಂತಹ ವ್ರಣದ ಚಿಕಿತ್ಸೆ ನಡೆದುಬಂದ ದಾರಿಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಮಧುಮೇಹಿಗಳ ಪಿಟಕಗಳು ಶರೀರದ ಕೆಳಭಾಗದಲ್ಲಿ ತಲೆದೋರುವುವೆಂಬುದನ್ನು ಸುಶ್ರುತಸಂಹಿತೆಯು ಗುರುತಿಸಿದೆ. ವ್ರಣಕ್ಕೆ ಅದು ವಿಧಿಸಿರುವ ಅರುವತ್ತು ಉಪಕ್ರಮಗಳಲ್ಲಿ ಶೋಧನ, ರೋಪಣ ಎಂಬೆರಡು ಮುಖ್ಯವಾದುವು. ಮೊದಲು ಕೊಳೆತುದನ್ನು ತೆಗೆದು ಶುದ್ಧಿಗೊಳಿಸುವುದು, ಅನಂತರ ಮಾಯಿಸುವುದು. ವೈದ್ಯವಿದ್ಯೆಯ ಈ ಪರಂಪರೆ ನಮ್ಮ ಪ್ರದೇಶಕ್ಕೂ ಅಪರಿಚಿತವಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದ ಕರ್ತೃವಾದ ಜೈನಾಚಾರ್ಯ ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ಮಾಂಸನಿಷೇಧವನ್ನು ಪ್ರತಿಪಾದಿಸಿದನೆಂದು ಪ್ರತೀತಿ; ಆ ದೊರೆಯು 9ನೆಯ ಶತಮಾನದ ಅಮೋಘವರ್ಷನೆಂದು ಹಲವು ವಿದ್ವಾಂಸರ ಮತ.

ರೋಪಣದ ಹೊಸ ಸಾಧನವು ಬೇರೊಂದು ದಿಕ್ಕಿನಿಂದ ಬಂದಿತು. 1962ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೊಹೆನರು ಇಲಿಯ ಲಾಲಾಗ್ರಂಥಿಯಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದ ವಿಷಯವನ್ನು ಪ್ರಕಟಿಸಿದರು. ಅದನ್ನು ಚುಚ್ಚಿದಾಗ ಎಳೆಯ ಮರಿಗಳ ಕಣ್ಣುಗಳು ಬೇಗನೆ ತೆರೆದುವು, ಹಲ್ಲುಗಳು ಬೇಗನೆ ಮೂಡಿದುವು. ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎಂದು ಹೆಸರಾದ ಇದು ವೃದ್ಧಿಕಾರಕಗಳಲ್ಲೊಂದು. ಇವು ಜೀವಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿ, ಕೋಶವು ವಿಭಜನೆಗೊಳ್ಳುವಂತೆ ಪ್ರೇರಿಸುತ್ತವೆ. ಈ ಬಗೆಯ ಸಂಶೋಧನೆಗಾಗಿ ಕೊಹೆನರಿಗೂ ರೀಟಾ ಲೆವಿ-ಮೊಂಟಾಲ್ಚಿನಿಯವರಿಗೂ 1986ರ ನೊಬೆಲ್ ಪಾರಿತೋಷಕ ದೊರೆಯಿತು. 1997ರಲ್ಲಿ ಅಮೆರಿಕವು ಬೆಕಾಪ್ಲರ್ಮಿನ್ ಎಂಬ ಲೇಪಕ್ಕೆ ಅನುಮತಿಯಿತ್ತಿತು. ಇದು ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ ವೃದ್ಧಿಕಾರಕದ ಕೃತಕ ರೂಪ. ಕ್ಯೂಬಾ ದೇಶದಲ್ಲಿ 2006ರಲ್ಲಿ ವ್ರಣದೊಳಕ್ಕೇ ಚುಚ್ಚುವ ಹೆಬರ್‌ಪ್ರಾಟ್-ಪಿ ಬಳಕೆಗೆ ಬಂದಿತು. ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ರೀಜೆನ್-ಡಿ ಎಂಬ ಲೇಪವನ್ನು ಹೊರತಂದಿತು. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದು, ಇಂದಿಗೂ ಚಿಕಿತ್ಸೆಗಾಗಿ ಆ ನಗರದ ಕಡೆಗೆ ನೋಡುವ ನಮ್ಮ ಪ್ರದೇಶಕ್ಕೆ ಇದು ದೂರದ ಸಂಗತಿಯಲ್ಲ.

ಆದರೆ ಫಲವೆಷ್ಟು? 1998ರಲ್ಲಿ ಪ್ರಕಟವಾದ ಬೆಕಾಪ್ಲರ್ಮಿನ್ ಪರೀಕ್ಷೆಯೊಂದರಲ್ಲಿ, ಔಷಧದ ಹೆಚ್ಚಿನ ಪ್ರಮಾಣವನ್ನು ಪಡೆದವರಲ್ಲಿ 20 ವಾರಗಳೊಳಗೆ ಶೇಕಡಾ 50 ಮಂದಿಯ ವ್ರಣಗಳು ಪೂರ್ಣವಾಗಿ ಮಾಯ್ದುವು. ಔಷಧವಿಲ್ಲದ ಬರಿಯ ಲೇಪವನ್ನು ಪಡೆದವರಲ್ಲಿ ಶೇಕಡಾ 35 ಮಂದಿಯವು. ಲಾಭವು ನಿಜವೇ, ಆದರೆ ಶುದ್ಧೀಕರಣಾದಿ ಶುಶ್ರೂಷೆ ಎರಡು ಗುಂಪುಗಳಿಗೂ ಸಮಾನವಾಗಿದ್ದಿತೆಂಬುದನ್ನು ಮರೆಯಲಾಗದು. ಕ್ಯಾನ್ಸರ್ ಭೀತಿಯಿಂದ 2008ರಲ್ಲಿ ಈ ಔಷಧಕ್ಕೆ ಸೇರಿಸಿದ್ದ ವಿಶೇಷ ಎಚ್ಚರಿಕೆಯನ್ನು 2018ರಲ್ಲಿ ತೆಗೆದುಹಾಕಲಾಯಿತು. ಹೀಗಿದ್ದರೂ ಮಧುಮೇಹಿಗಳ ಪಾದವನ್ನು ಕುರಿತ ಅಂತರರಾಷ್ಟ್ರೀಯ ಕಾರ್ಯಮಂಡಲಿಯು 2023ರಲ್ಲಿ, ಸಾಕಷ್ಟು ಆಧಾರವಿಲ್ಲವೆಂಬ ಕಾರಣದಿಂದ, ವೃದ್ಧಿಕಾರಕಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಸಲಹೆಯಿತ್ತಿದೆ.

ಇದರಿಂದ ವಿದಿತವಾಗುವುದಿಷ್ಟು: ವೃದ್ಧಿಕಾರಕವು ರೋಪಣದ ಔಷಧವೇ ಹೊರತು ಶೋಧನಕ್ಕೆ ಬದಲಿಯಲ್ಲ. ಕೊಳೆತ ಭಾಗವನ್ನು ತೆಗೆಯದೆ, ಪಾದದ ಮೇಲಿನ ಭಾರವನ್ನು ಇಳಿಸದೆ, ರಕ್ತಸಂಚಾರವನ್ನು ಪರೀಕ್ಷಿಸದೆ, ಸಕ್ಕರೆಯನ್ನು ಹತೋಟಿಗೆ ತಾರದೆ ಹಚ್ಚಿದ ಲೇಪವು ಹಣವನ್ನೂ ಕಾಲವನ್ನೂ ಕಳೆಯುತ್ತದೆ. ಬೆಲೆಯುಳ್ಳ ಲೇಪಕ್ಕೆ ಸಾಲ ಮಾಡುವ ಮುನ್ನ, ಗಣಿಯ ಕೆಲಸಗಾರನಿಗೆ ಮೆತ್ತನೆಯ ಪಾದರಕ್ಷೆಯೂ, ದಿನಕ್ಕೊಮ್ಮೆ ಅಂಗಾಲನ್ನು ನೋಡಿಕೊಳ್ಳುವ ಅಭ್ಯಾಸವೂ ಒದಗಬೇಕೆಂಬುದು ನಮ್ಮ ಅಭಿಪ್ರಾಯ.