ಅಜೀಜ್ (‘ತುಘಲಕ್’ ನಾಟಕದ ಪಾತ್ರ)

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಖಳ. ಜಾತಿಯಿಂದ ಅಗಸ, ಜೊತೆಗಾರ ಜೇಬುಗಳ್ಳ ಆಜಮ್. ಮೊದಲ ದೃಶ್ಯದಲ್ಲೇ ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ವೇಷದಲ್ಲಿ, ನಾಟಕದ ನಾಯಕ ಸುಲ್ತಾನ ತುಘಲಕನ ವಿರುದ್ಧ ದಾವೆ ಗೆದ್ದು, ಹಣವನ್ನೂ ಸರ್ಕಾರಿ ನೌಕರಿಯನ್ನೂ ಪಡೆಯುತ್ತಾನೆ. ಸುಲ್ತಾನನ ಹೊಸ ರಾಜಧಾನಿ ದೌಲತಾಬಾದಿನ ದಾರಿಯಲ್ಲಿ, ಸಾಯುತ್ತಿರುವ ಮಗುವಿನ ತಾಯಿಯಿಂದಲೂ ಲಂಚ ಕೇಳುತ್ತಾನೆ. ಖೋಟಾ ನಾಣ್ಯ ಟಂಕಿಸಿ, ದರೋಡೆಗಿಳಿದು, ಕೊನೆಗೆ ಖಲೀಫರ ವಂಶಜ ಘಿಯಾಸುದ್ದೀನನನ್ನು ಕೊಂದು ಅವನ ವೇಷದಲ್ಲೇ ರಾಜಧಾನಿ ಸೇರುತ್ತಾನೆ.

ಸುಲ್ತಾನನ ಪ್ರತಿ ಸುಧಾರಣೆಯೂ ಇವನ ಕೈಯಲ್ಲಿ ವಂಚನೆಯ ಸಾಧನವಾಗುತ್ತದೆ. ಗುಟ್ಟು ಬಯಲಾದಾಗ, ತಾನೇ ಸುಲ್ತಾನನ ನಿಜವಾದ ಶಿಷ್ಯನೆಂದು ವಾದಿಸುತ್ತಾನೆ. ಸುಲ್ತಾನ ಶಿಕ್ಷಿಸದೆ ದಖ್ಖನಿನಲ್ಲಿ ಅಧಿಕಾರಿಯಾಗಿ ನೇಮಿಸುತ್ತಾನೆ. ನಾಯಕನ ಸೋಲನ್ನು ಅಳೆದು ತೋರಿಸುವ ಈ ಪಾತ್ರ ಆಧುನಿಕ ಕನ್ನಡ ರಂಗಭೂಮಿಯ ಅತ್ಯಂತ ಅರ್ಥಪೂರ್ಣ ಖಳಸೃಷ್ಟಿಗಳಲ್ಲಿ ಒಂದು.