ನ್ಯಾನೊಸೆಲ್ಯುಲೋಸ್ ಬಲವರ್ಧಿತ ಜೈವಿಕ ಪ್ಲಾಸ್ಟಿಕ್

ನ್ಯಾನೊಸೆಲ್ಯುಲೋಸ್ ಬಲವರ್ಧಿತ ಜೈವಿಕ ಪ್ಲಾಸ್ಟಿಕ್ ಎಂಬುದು ಸೂಕ್ಷ್ಮಜೀವಿಗಳಿಂದ ವಿಘಟನೆ ಹೊಂದಬಲ್ಲ ಪ್ಲಾಸ್ಟಿಕ್ಕಿಗೆ ಸಸ್ಯಮೂಲದ ಅತಿಸೂಕ್ಷ್ಮ ನಾರುಗಳನ್ನು ಬೆರೆಸಿ ತಯಾರಿಸುವ ಸಂಯೋಜಿತ ವಸ್ತು. ಗೋಡೆ ಕಟ್ಟುವ ಕೆಸರಿಗೆ ಹುಲ್ಲು ಕಲಸುವ ಹಳೆಯ ಪದ್ಧತಿಯ ತತ್ತ್ವವೇ ಇದರದೂ ಆಗಿದೆ. ಇಂತಹ ಪ್ಲಾಸ್ಟಿಕ್‌ಗಳಲ್ಲಿ ಮುಖ್ಯವಾದುದು ಪಾಲಿಲ್ಯಾಕ್ಟಿಕ್ ಆಮ್ಲ. ಮೆಕ್ಕೆಜೋಳ, ಕಬ್ಬು ಮುಂತಾದವುಗಳ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಇದನ್ನು ತಯಾರಿಸುತ್ತಾರೆ. ಬಾಗಿಸಿದರೆ ಸುಲಭವಾಗಿ ಮುರಿಯುವುದು ಮತ್ತು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮೆತ್ತಗಾಗುವುದು ಇದರ ದೋಷಗಳು.

ನಾರು

ಸಸ್ಯಕೋಶಗಳ ಭಿತ್ತಿಯಲ್ಲಿರುವ ಸೆಲ್ಯುಲೋಸನ್ನು ಫ್ರೆಂಚ್ ರಸಾಯನವಿಜ್ಞಾನಿ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಗುರುತಿಸಿದನು. ಮರದ ತಿರುಳು, ಕಬ್ಬಿನ ಹಿಪ್ಪೆ ಅಥವಾ ಬಾಳೆದಿಂಡಿನಿಂದ ಲಿಗ್ನಿನ್ ತೆಗೆದು, ಉಳಿದ ನಾರನ್ನು ನೀರಿನಲ್ಲಿ ಯಂತ್ರದಿಂದ ಸೀಳಿದಾಗ 100 ನ್ಯಾನೊಮೀಟರಿಗಿಂತ ತೆಳುವಾದ ಎಳೆಗಳು ದೊರೆಯುತ್ತವೆ. ಸೆಲ್ಯುಲೋಸ್ ಸ್ಫಟಿಕದ ಬಿಗಿತ 130 ಗಿಗಾಪ್ಯಾಸ್ಕಲ್‌ಗೂ ಹೆಚ್ಚು. ಪಾಲಿಲ್ಯಾಕ್ಟಿಕ್ ಆಮ್ಲದ್ದು ಕೇವಲ 3ರಿಂದ 4. ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯ್ ಮತ್ತು ಸಂಗಡಿಗರು ರೂಪಿಸಿದ 'ಟೆಂಪೊ' ಉತ್ಕರ್ಷಣ ವಿಧಾನದಲ್ಲಿ ಎಳೆಗಳು ಋಣ ವಿದ್ಯುದಂಶ ಪಡೆದು ಒಂದನ್ನೊಂದು ವಿಕರ್ಷಿಸುವುದರಿಂದ ಅಲ್ಪ ಶಕ್ತಿವ್ಯಯದಲ್ಲಿ ಬೇರ್ಪಡುತ್ತವೆ.

ಮೇಲ್ಮೈ ಮಾರ್ಪಾಡು

ಬಲವಾದ ನಾರು ಸೇರಿಸಿದ ಮಾತ್ರಕ್ಕೆ ಪ್ಲಾಸ್ಟಿಕ್ ಬಲಗೊಳ್ಳುವುದಿಲ್ಲ. ಸೆಲ್ಯುಲೋಸ್ ಹೈಡ್ರಾಕ್ಸಿಲ್ ಗುಂಪುಗಳಿಂದಾಗಿ ಜಲಸ್ನೇಹಿ. ಪಾಲಿಲ್ಯಾಕ್ಟಿಕ್ ಆಮ್ಲ ನೀರನ್ನು ಒಲ್ಲದು. ಒಣಗಿದ ಎಳೆಗಳು ಪರಸ್ಪರ ಅಂಟಿಕೊಂಡು ಗಂಟುಗಟ್ಟುತ್ತವೆ, ಬಿರುಕುಗಳು ಆ ಗಂಟುಗಳಿಂದಲೇ ಆರಂಭವಾಗುತ್ತವೆ. ಒಣಗಿಸದೆ ಬೆರೆಸಿದರೆ ಕರಗುವ ಶಾಖದಲ್ಲಿ ನೀರು ಪ್ಲಾಸ್ಟಿಕ್ಕಿನ ಅಣುಸರಪಳಿಯನ್ನೇ ತುಂಡರಿಸುತ್ತದೆ. ಆದುದರಿಂದ ನಾರಿನ ಮೇಲ್ಮೈಯನ್ನು ರಾಸಾಯನಿಕವಾಗಿ ಬದಲಿಸಬೇಕಾಗುತ್ತದೆ. ಅಸಿಟೈಲ್ ಗುಂಪುಗಳನ್ನು ಸೇರಿಸುವ ಅಸಿಟೈಲೀಕರಣ, ಸಿಲೇನ್ ಲೇಪನ, ನಾರಿನ ಮೇಲೆಯೇ ಲ್ಯಾಕ್ಟೈಡ್ ಸರಪಳಿಗಳನ್ನು ಬೆಳೆಸುವ ಕಸಿ ವಿಧಾನ ಇವುಗಳಲ್ಲಿ ಪ್ರಮುಖವಾದವು. ಕ್ರಿಯೆ ಮೇಲ್ಮೈಯಲ್ಲಿಯೇ ನಿಲ್ಲಬೇಕು. ಒಳಗಿನ ಸ್ಫಟಿಕ ರಚನೆ ಕೆಟ್ಟರೆ ನಾರಿನ ಬಿಗಿತವೂ ನಷ್ಟವಾಗುತ್ತದೆ.

ವಿಘಟನೆ

ಪಾಲಿಲ್ಯಾಕ್ಟಿಕ್ ಆಮ್ಲ ಸಾಮಾನ್ಯ ಮಣ್ಣಿನಲ್ಲಾಗಲಿ ಸಮುದ್ರದಲ್ಲಾಗಲಿ ಬೇಗ ಕೊಳೆಯದು. ಅದಕ್ಕೆ ಸುಮಾರು 58 ಡಿಗ್ರಿ ಶಾಖದ ಕೈಗಾರಿಕಾ ಕಾಂಪೋಸ್ಟ್ ಬೇಕು. ಸಹಜ ಸೆಲ್ಯುಲೋಸನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಜೀರ್ಣಿಸಿಕೊಳ್ಳುತ್ತವೆಯಾದರೂ ಅತಿಯಾಗಿ ಅಸಿಟೈಲೀಕರಣಗೊಂಡ ಸೆಲ್ಯುಲೋಸ್ ಅವುಗಳ ಕಿಣ್ವಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಬಲ ಕೊಡುವ ಸಂಸ್ಕಾರವೇ ಕೊಳೆಯುವಿಕೆಗೆ ಅಡ್ಡಿಯಾಗಬಹುದಾದ ಈ ವಿರೋಧವನ್ನು ಮಾರಾಟದ ಜಾಹೀರಾತುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಯುರೋಪಿನ ಇಎನ್ 13432 ಮಾನದಂಡವು ಆರು ತಿಂಗಳಲ್ಲಿ ಶೇ. 90ರಷ್ಟು ಜೈವಿಕ ವಿಘಟನೆಯನ್ನು ಅಪೇಕ್ಷಿಸುತ್ತದೆ. ಮರದ ನಾರು, ಹತ್ತಿ, ಸೆಣಬು ಮೊದಲಾದ ನೈಸರ್ಗಿಕ ವಸ್ತುಗಳಿಗೆ ಅದು ವಿಘಟನೆಯ ಪರೀಕ್ಷೆಯಿಂದ ವಿನಾಯಿತಿ ನೀಡುತ್ತದೆಯಾದರೂ ಆ ವಿನಾಯಿತಿ ರಾಸಾಯನಿಕವಾಗಿ ಮಾರ್ಪಡಿಸದ ನಾರುಗಳಿಗೆ ಮಾತ್ರ ಸೀಮಿತವಾಗಿದೆ.